ಪರದೇಶದಲ್ಲಿ ಮೂಕವಾಗುವ ಮೊಬೈಲು

ಬದಲಾಪುರಕ್ಕೆ ಆ ಹೆಸರು ಬಂದ ಬಗೆಗೆ ಊರಿನಲ್ಲಿ ಒಂದು ಪ್ರತೀತಿಯಿದೆ. ಹಿಂದಿನ ಕಾಲದಲ್ಲಿ ಈ ದಾರಿಯಾಗಿ ದೂರದೂರುಗಳಿಗೆ ಸಾಗುತ್ತಿದ್ದ ಸವಾರರು ಇಲ್ಲಿ ತಂಗಿ, ದಣಿದ ಕುದುರೆಗಳನ್ನು ಬಿಟ್ಟು ಹೊಸ ಕುದುರೆಗಳನ್ನು ಬದಲಾಯಿಸಿಕೊಂಡು ಮುಂದೆ ಹೋಗುತ್ತಿದ್ದರಂತೆ. ಐತಿಹ್ಯದ ಸತ್ಯಾಸತ್ಯತೆ ಏನೇ ಇರಲಿ, ಆ ಸವಾರರ ವ್ಯವಹಾರಜ್ಞಾನವನ್ನು ಮೆಚ್ಚಬೇಕು. ಇಷ್ಟು ದೂರ ಹೊತ್ತು ತಂದ ವಾಹನ ಮುಂದಿನ ದಾರಿಗೆ ಒದಗದು ಎಂಬುದನ್ನು ಅವರು ದಾರಿಯ ನಡುವೆ ಕುದುರೆ ಕುಸಿದ ಮೇಲೆ ತಿಳಿಯಲಿಲ್ಲ, ಮೊದಲೇ ಅರಿತಿದ್ದರು. ಇಂದು ಅದೇ ಬದಲಾಪುರದಿಂದ ಅಮೆರಿಕ, ಆಸ್ಟ್ರೇಲಿಯ, ಜಪಾನ್, ಕೊಲ್ಲಿ ರಾಷ್ಟ್ರಗಳಿಗೆ ಮಗನ ಮನೆಗೆಂದೋ ಮಗಳ ಬಾಣಂತನಕ್ಕೆಂದೋ ಹೊರಡುವ ಹಿರಿಯ ಕನ್ನಡಿಗರು ಚಟ್ನಿಪುಡಿ, ಹಪ್ಪಳ, ಆರು ತಿಂಗಳ ಗುಳಿಗೆಗಳು, ವೈದ್ಯರ ಚೀಟಿ ಎಲ್ಲವನ್ನೂ ಜೋಪಾನವಾಗಿ ಕಟ್ಟಿಕೊಳ್ಳುತ್ತಾರೆ. ಕಿಸೆಯಲ್ಲಿರುವ ಮೊಬೈಲು ಮಾತ್ರ ಪರೀಕ್ಷೆಗೆ ಒಳಗಾಗುವುದಿಲ್ಲ. ಇಲ್ಲಿ ಮಾತನಾಡಿದ್ದು ಅಲ್ಲಿಯೂ ಮಾತನಾಡುತ್ತದೆಂಬ ನಂಬಿಕೆ ಎಲ್ಲರದು. ಆ ನಂಬಿಕೆ ಇಂದು ಅಪಾಯಕಾರಿಯಾಗಿದೆ.

ಆರೋಗ್ಯದ ಲೇಖನಗಳ ನಡುವೆ ಮೊಬೈಲಿನ ಮಾತೇಕೆ ಎಂದು ಓದುಗರಿಗೆ ಅನ್ನಿಸಬಹುದು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದಯದ ತೊಂದರೆಗಳಿರುವ ಎಪ್ಪತ್ತು ವರ್ಷದ ವ್ಯಕ್ತಿಯೊಬ್ಬರು ಮಗ ಸೊಸೆಯರು ಕೆಲಸಕ್ಕೆ ಹೋದ ಮೇಲೆ ಪರದೇಶದ ಮನೆಯಲ್ಲಿ ಹಗಲೆಲ್ಲ ಒಂಟಿಯಾಗಿರುತ್ತಾರೆ. ಬದಲಾಪುರದಲ್ಲಾದರೆ ಕೂಗಿದರೆ ಎದುರು ಮನೆಯವರು ಬಾಗಿಲು ತೆರೆಯುತ್ತಾರೆ. ಕಾವಲುಗಾರ ರಿಕ್ಷಾ ಕರೆತರುತ್ತಾನೆ. ಅಲ್ಲಿ ಕೂಗಿದರೆ ಕೇಳುವವರಿಲ್ಲ. ಎದೆ ಹಿಡಿದುಕೊಂಡಾಗ, ಸ್ನಾನದ ಮನೆಯಲ್ಲಿ ಕಾಲು ಜಾರಿದಾಗ, ವಾಯುವಿಹಾರಕ್ಕೆ ಹೊರಟು ದಾರಿ ತಪ್ಪಿದಾಗ ಅವರ ಧ್ವನಿ ಹೊರಗಿನ ಜಗತ್ತನ್ನು ಮುಟ್ಟುವ ಸಾಧನ ಆ ಮೊಬೈಲು ಒಂದೇ. ಹೀಗಿರುವಾಗ ಅದರ ಕ್ಷೇಮಸಮಾಚಾರ ಗುಳಿಗೆಗಳ ಕ್ಷೇಮಸಮಾಚಾರದಷ್ಟೇ ಮುಖ್ಯವಾದುದು.

ಮಹಾರಾಷ್ಟ್ರದಲ್ಲಿ ನೆಲೆಸಿದ ಕನ್ನಡಿಗರಿಗೆ ಮೊಬೈಲಿನ ಗಡಿಗಳು ಹೊಸವೇನಲ್ಲ. 1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕಲ್ಕತ್ತೆಯಿಂದ ದೆಹಲಿಯಲ್ಲಿದ್ದ ಕೇಂದ್ರ ಸಚಿವ ಸುಖ್‌ರಾಮ್ ಅವರೊಡನೆ ಮಾತನಾಡಿ ದೇಶದ ಮೊದಲ ಮೊಬೈಲು ಕರೆಯನ್ನು ನೆರವೇರಿಸಿದ ನಂತರ ಬಹು ವರ್ಷಗಳ ಕಾಲ ದೇಶವು ದೂರಸಂಪರ್ಕದ ವಲಯಗಳಾಗಿ ಹಂಚಿಹೋಗಿತ್ತು. ಕಲ್ಯಾಣದಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದವರು ಸೊಲ್ಲಾಪುರ ದಾಟಿ ಕಲಬುರಗಿಯ ಸೀಮೆಯನ್ನು ಮುಟ್ಟಿದೊಡನೆ 'ರೋಮಿಂಗ್' ಎಂಬ ಅಕ್ಷರಗಳು ಮೂಡುತ್ತಿದ್ದವು. ಕರೆ ಮಾಡಿದರೂ ಹಣ, ಕರೆ ಬಂದರೂ ಹಣ. ತವರಿಗೆ ಹೋದವರು ಫೋನನ್ನು ಆರಿಸಿಟ್ಟು ಬೀದಿಯ ಎಸ್‌ಟಿಡಿ ಬೂತನ್ನೇ ಆಶ್ರಯಿಸುತ್ತಿದ್ದರು. ಕನ್ನಡಿಗನಿಗೆ ಕನ್ನಡ ನಾಡೇ ಪರಸ್ಥಳವೆಂದು ಫೋನು ಸಾರುತ್ತಿದ್ದುದು ವಿನೋದದ ಸಂಗತಿಯಾದರೂ ಅದು ಕೇವಲ ಹಣದ ಗಡಿಯಾಗಿತ್ತು. ಹಣ ತೆತ್ತರೆ ಕರೆ ಸಿಗುತ್ತಿತ್ತು. ಪರದೇಶದ ಗಡಿಯ ಸ್ವಭಾವವೇ ಬೇರೆ. ಅಲ್ಲಿ ಫೋನಿಗೂ ಜಾಲಕ್ಕೂ ಭಾಷೆ ಹೊಂದದಿದ್ದರೆ ಎಷ್ಟು ಹಣ ತೆತ್ತರೂ ಮಾತು ಹೊರಡುವುದಿಲ್ಲ.

ಈ ಭಾಷಾಭೇದಕ್ಕೆ ಒಂದು ಚರಿತ್ರೆಯಿದೆ. ಯುರೋಪಿನ ದೇಶಗಳ ದೂರಸಂಪರ್ಕ ಸಂಸ್ಥೆಗಳು 1987ರ ಸೆಪ್ಟೆಂಬರಿನಲ್ಲಿ ಕೋಪನ್‌ಹೇಗನ್ ನಗರದಲ್ಲಿ ಒಪ್ಪಂದ ಮಾಡಿಕೊಂಡು 'ಜಿಎಸ್‌ಎಂ' ಎಂಬ ಒಂದೇ ಪದ್ಧತಿಯನ್ನು ಅಂಗೀಕರಿಸಿದವು. 1991ರಲ್ಲಿ ಫಿನ್‌ಲೆಂಡಿನಲ್ಲಿ ಆ ಪದ್ಧತಿಯ ಮೊದಲ ಕರೆ ನಡೆಯಿತು. 1992ರಲ್ಲಿ ಫಿನ್‌ಲೆಂಡಿನ ಮತ್ತು ಬ್ರಿಟನ್ನಿನ ಸಂಸ್ಥೆಗಳ ನಡುವೆ ಮೊದಲ ರೋಮಿಂಗ್ ಒಪ್ಪಂದವಾಯಿತು. ಭಾರತವೂ ಕೊಲ್ಲಿ ರಾಷ್ಟ್ರಗಳೂ ಅದೇ ಪದ್ಧತಿಯನ್ನು ಅದೇ 900 ಮತ್ತು 1800 ಮೆಗಾಹರ್ಟ್ಸ್ ಆವರ್ತನಗಳಲ್ಲಿ ಅಳವಡಿಸಿಕೊಂಡುದರಿಂದ ಮಂಗಳೂರು, ಉಡುಪಿಗಳಿಂದ ದುಬೈ, ಮಸ್ಕತ್ತುಗಳಿಗೆ ಹೋದವರ ಫೋನುಗಳು ಅಲ್ಲಿಯೂ ನಿರಾತಂಕವಾಗಿ ಮೊಳಗಿದವು. ಅಮೆರಿಕವು 850 ಮತ್ತು 1900ರ ಆವರ್ತನಗಳನ್ನು ಹಿಡಿಯಿತು. ಆದ್ದರಿಂದ ಆ ಕಾಲದಲ್ಲಿ ಇಲ್ಲಿ ಕೊಂಡ ಎರಡು ಆವರ್ತನಗಳ ಫೋನು ನ್ಯೂಯಾರ್ಕಿನಲ್ಲಿ ಇಳಿದೊಡನೆ ಬರಿಯ ಗಡಿಯಾರವಾಗುತ್ತಿತ್ತು. ಜಪಾನ್ ತನ್ನದೇ ಆದ ಬೇರೆ ಪದ್ಧತಿಯನ್ನು ಕಟ್ಟಿಕೊಂಡಿದ್ದುದರಿಂದ ಜಿಎಸ್‌ಎಂ ಫೋನಿಗೆ ಅಲ್ಲಿ ನೆಲೆಯೇ ಇರಲಿಲ್ಲ. 2003ರಲ್ಲಿ ರಿಲಯನ್ಸ್ ಸಂಸ್ಥೆಯು 501 ರೂಪಾಯಿಯ ಯೋಜನೆಯಲ್ಲಿ ಮನೆಮನೆಗೆ ಹಂಚಿದ ಸಿಡಿಎಂಎ ಫೋನುಗಳಿಗೆ ಕೊಲ್ಲಿಯ ಜಾಲಗಳು ಅಪರಿಚಿತವಾದವು. ಆಗಿನ ತೊಡಕು ಕಣ್ಣಿಗೆ ಕಾಣುವಂಥದು. ಫೋನಿನಲ್ಲಿ ಸಿಗ್ನಲ್ ಇಲ್ಲವೆಂದರೆ ಇಲ್ಲ; ಯಾರೂ ಮೋಸಹೋಗುತ್ತಿರಲಿಲ್ಲ.

ಈಗಿನ ತೊಡಕು ಕಣ್ಣಿಗೆ ಕಾಣದು. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ.

'4ಜಿ' ಎಂದು ಕರೆಯುವ ನಾಲ್ಕನೆಯ ತಲೆಮಾರಿನ ಜಾಲವನ್ನು ಮೂಲತಃ ಇಂಟರ್‌ನೆಟ್ಟಿಗಾಗಿ ರೂಪಿಸಲಾಯಿತು. ಮಾತನ್ನು ಒಯ್ಯುವ ಕೆಲಸಕ್ಕೆ ಎರಡನೆಯ ಮತ್ತು ಮೂರನೆಯ ತಲೆಮಾರಿನ ಹಳೆಯ ಜಾಲಗಳೇ ಇದ್ದವು. ಹೀಗಾಗಿ 4ಜಿ ಫೋನಿಗೆ ಕರೆ ಬಂದರೆ ಅದು ಆ ಕ್ಷಣಕ್ಕೆ ಸದ್ದಿಲ್ಲದೆ ಹಳೆಯ ಜಾಲಕ್ಕೆ ಇಳಿದು, ಮಾತು ಮುಗಿದ ಮೇಲೆ ಮತ್ತೆ ಮೇಲಕ್ಕೇರುತ್ತಿತ್ತು. ಎರಡು ಅಂತಸ್ತಿನ ಮನೆಯಲ್ಲಿ ಮೇಲೆ ಓದುವ ಕೋಣೆ, ಕೆಳಗೆ ಮಾತಿನ ಪಡಸಾಲೆ ಇದ್ದಂತೆ. ಅನಂತರ ಮಾತನ್ನೂ 4ಜಿ ಜಾಲದ ಮೇಲೆಯೇ ಒಯ್ಯುವ 'ವೋಲ್ಟೆ' ಎಂಬ ವ್ಯವಸ್ಥೆ ಬಂದಿತು. 2016ರ ಸೆಪ್ಟೆಂಬರಿನಲ್ಲಿ ಸೇವೆಯನ್ನಾರಂಭಿಸಿದ ಜಿಯೊ ಹಳೆಯ ಜಾಲಗಳ ಗೊಡವೆಯೇ ಇಲ್ಲದೆ ಪೂರ್ಣವಾಗಿ ವೋಲ್ಟೆಯನ್ನೇ ನಂಬಿದ ಕಾರಣ ಭಾರತದಲ್ಲಿ ಅದು ಶೀಘ್ರವಾಗಿ ಹಬ್ಬಿತು. ಆದರೆ ವೋಲ್ಟೆ ಎಂಬುದು ಜಿಎಸ್‌ಎಂನಂತೆ ಎಲ್ಲೆಡೆ ಒಂದೇ ರೀತಿಯಾಗಿ ನಡೆಯುವ ಪದ್ಧತಿಯಾಗಿ ಬೆಳೆಯಲಿಲ್ಲ. ಫೋನಿನ ತಯಾರಕರು, ಸ್ವದೇಶದ ಜಾಲ, ಪರದೇಶದ ಜಾಲ ಈ ಮೂವರೂ ಒಪ್ಪಿ ಹೊಂದಿಸಿಕೊಂಡರೆ ಮಾತ್ರ ಅದು ನಡೆಯುತ್ತದೆ. ಬದಲಾಪುರದ ಅಂಗಡಿಯಲ್ಲಿ ಹನ್ನೆರಡು ಸಾವಿರಕ್ಕೆ ಕೊಂಡ ಫೋನಿನಲ್ಲಿ ವೋಲ್ಟೆ ಇದೆಯೆಂದರೆ ಅದು ಭಾರತದ ಜಾಲಗಳಿಗೆ ಇದೆಯೆಂದು ಅರ್ಥ. ಅಟ್ಲಾಂಟಾ ನಗರದ ಜಾಲಕ್ಕೂ ಇದೆಯೆಂದು ಅರ್ಥವಲ್ಲ.

ಹಳೆಯ ಪಡಸಾಲೆ ಇದ್ದಷ್ಟು ದಿನ ಇದರಿಂದ ಬಾಧೆಯಾಗಲಿಲ್ಲ. ಆದರೆ ಆವರ್ತನಗಳು ಮಿತವಾದ ಸಂಪತ್ತು. ಹಳೆಯ ಜಾಲಗಳನ್ನು ಮುಚ್ಚಿದರೆ ಆ ಜಾಗವನ್ನು ಹೊಸ ಜಾಲಗಳಿಗೆ ಕೊಡಬಹುದೆಂಬ ಲೆಕ್ಕಾಚಾರದಿಂದ ದೇಶದೇಶಗಳು ಪಡಸಾಲೆಯನ್ನು ಕೆಡವತೊಡಗಿದವು. ಅಮೆರಿಕದ ಎಟಿ ಅಂಡ್ ಟಿ ಸಂಸ್ಥೆಯು ತನ್ನ 2ಜಿ ಜಾಲವನ್ನು 2017ರ ಆರಂಭದಲ್ಲಿಯೂ 3ಜಿ ಜಾಲವನ್ನು 2022ರ ಫೆಬ್ರವರಿಯಲ್ಲಿಯೂ ಮುಚ್ಚಿತು. ವೆರೈಜನ್ ಸಂಸ್ಥೆಯ 3ಜಿ ಜಾಲ ಅದೇ ವರ್ಷದ ಡಿಸೆಂಬರ್ 31ಕ್ಕೆ ಕೊನೆಗೊಂಡಿತು. ಸಿಂಗಾಪುರವು 2017ರಲ್ಲಿಯೇ 2ಜಿಯನ್ನು ನಿಲ್ಲಿಸಿತ್ತು. ಆಸ್ಟ್ರೇಲಿಯದ ಎರಡು ದೊಡ್ಡ ಸಂಸ್ಥೆಗಳು 2024ರ ಅಕ್ಟೋಬರ್ 28ರಿಂದ 3ಜಿಯನ್ನು ಮುಚ್ಚತೊಡಗಿದವು. ಜಪಾನಿನಲ್ಲಿ ಸಂಸ್ಥೆಗಳು ಒಂದರ ಹಿಂದೊಂದಾಗಿ 3ಜಿಯನ್ನು ಕೈಬಿಟ್ಟು, ಕೊನೆಯದಾಗಿ ಡೊಕೊಮೊ ಸಂಸ್ಥೆಯು 2026ರ ಮಾರ್ಚ್ 31ನ್ನು ಅಂತ್ಯದ ದಿನವೆಂದು ಗೊತ್ತುಪಡಿಸಿತು. ವಿಚಿತ್ರವೆಂದರೆ ಜರ್ಮನಿಯಲ್ಲಿ 2021ರಲ್ಲಿ 3ಜಿ ಹೋಯಿತು, ಅದಕ್ಕಿಂತ ಹಳೆಯದಾದ 2ಜಿ ಉಳಿಯಿತು. ಒತ್ತುಗುಂಡಿಗಳ ಹಳೆಯ ಫೋನನ್ನು ಅಜ್ಜಿಯೊಬ್ಬರು ಮ್ಯೂನಿಕ್ ನಗರಕ್ಕೆ ಒಯ್ದರೆ ಅದು ಮಾತನಾಡೀತು. ಸಿಡ್ನಿಗೆ ಒಯ್ದರೆ ಮಾತನಾಡದು. ಇಂಥ ವಿಷಯದಲ್ಲಿ ಹೋಗಿಬಂದ ನೆರೆಯವರ ಅನುಭವವನ್ನು ನೆಚ್ಚುವಂತಿಲ್ಲ. ಅವರು ಹೋದ ದೇಶ ಬೇರೆ, ವರ್ಷ ಬೇರೆ.

ಆವರ್ತನಗಳ ತೊಡಕೂ ಹೊಸ ರೂಪದಲ್ಲಿ ಉಳಿದಿದೆ. ಭಾರತದ 4ಜಿ ಜಾಲಗಳು ಮುಖ್ಯವಾಗಿ 850, 900, 1800, 2300 ಮೆಗಾಹರ್ಟ್ಸ್‌ಗಳಲ್ಲಿ ನಡೆಯುತ್ತವೆ. ಅಮೆರಿಕದಲ್ಲಿ ದೂರದ ಹಳ್ಳಿಗಳನ್ನೂ ಗಟ್ಟಿ ಗೋಡೆಗಳ ಒಳಭಾಗವನ್ನೂ ತಲುಪುವ ಹೊಣೆ ಬಹುಮಟ್ಟಿಗೆ 600 ಮತ್ತು 700ರ ಆವರ್ತನಗಳದು. ಭಾರತದ ಪೇಟೆಗಾಗಿ ಮಾಡಿದ ಅಗ್ಗದ ಫೋನುಗಳಲ್ಲಿ ಅನೇಕವು ಇವನ್ನು ಗ್ರಹಿಸಲಾರವು. ಪೇಟೆಯ ನಡುವೆ ಸಿಗ್ನಲ್ ತುಂಬಿ ತೋರುವ ಫೋನು ಊರ ಹೊರಗಿನ ಬಡಾವಣೆಯಲ್ಲಿ, ನೆಲಮಾಳಿಗೆಯಲ್ಲಿ ಬರಿದಾಗುವುದು ಇದರಿಂದಲೇ. ಇದರ ಮೇಲೆ, ಎಟಿ ಅಂಡ್ ಟಿಯಂಥ ಸಂಸ್ಥೆಯು ತನ್ನ ಜಾಲಕ್ಕೆ ಒಪ್ಪಿಗೆಯಾದ ಫೋನುಗಳ ಪಟ್ಟಿಯನ್ನೇ ಪ್ರಕಟಿಸಿದೆ. ಪಟ್ಟಿಯಲ್ಲಿ ಇಲ್ಲದ ಫೋನು ಎಷ್ಟೇ ಹೊಸದಾದರೂ ಅಲ್ಲಿಯ ಸಿಮ್ಮಿನೊಡನೆ ಮಾತನಾಡುವುದೆಂಬ ಭರವಸೆಯಿಲ್ಲ. ಹೆಸರು ಒಂದೇ ಆದ ಫೋನಿನ ಭಾರತೀಯ ಮಾದರಿ ಬೇರೆ, ಅಮೆರಿಕದ ಮಾದರಿ ಬೇರೆ ಇರುವುದುಂಟು. ಆದುದರಿಂದ ಡಬ್ಬಿಯ ಮೇಲಿನ ಹೆಸರನ್ನಲ್ಲ, ಮಾದರಿಯ ಸಂಖ್ಯೆಯನ್ನು ನೋಡಬೇಕು.

ಎಲ್ಲಕ್ಕಿಂತ ಗಂಭೀರವಾದುದು ಆಸ್ಟ್ರೇಲಿಯದಲ್ಲಿ ಬಯಲಾದ ಸಂಗತಿ. ಕೆಲವು ಫೋನುಗಳು ಸಾಮಾನ್ಯ ಕರೆಗಳನ್ನು 4ಜಿ ಜಾಲದ ಮೇಲೆ ಚೆನ್ನಾಗಿಯೇ ಒಯ್ಯುತ್ತಿದ್ದವು. ಆದರೆ ತುರ್ತು ಸಂಖ್ಯೆಯಾದ 000ಗೆ ಕರೆ ಮಾಡಿದಾಗ ಮಾತ್ರ ಅವು ಒಳಗಿನ ಹಳೆಯ ಆದೇಶದಂತೆ 3ಜಿಯನ್ನು ಹುಡುಕಿಕೊಂಡು ಹೋಗುತ್ತಿದ್ದವು. 3ಜಿ ಇಲ್ಲವಾದ ಮೇಲೆ ಆ ಕರೆ ಎಲ್ಲಿಗೂ ತಲುಪದು. ಅಂದರೆ ಮಗನೊಡನೆ ದಿನವೂ ಮಾತನಾಡುವ ಫೋನು ಆಂಬುಲೆನ್ಸಿನ ಅಗತ್ಯ ಬಿದ್ದ ದಿನವೇ ಮೂಕವಾಗುವ ಸಂಭವ. ಇದರಿಂದ ಅಲ್ಲಿಯ ನಿಯಂತ್ರಕರು, ತುರ್ತು ಕರೆ ಮಾಡಲಾರದ ಫೋನುಗಳನ್ನು ಜಾಲದಿಂದಲೇ ಹೊರಗಿಡಬೇಕೆಂದು ಸಂಸ್ಥೆಗಳಿಗೆ ವಿಧಿಸಿದರು. ಹಾಗಿದ್ದೂ 2025ರ ನವೆಂಬರಿನಲ್ಲಿ ಸಿಡ್ನಿಯಲ್ಲಿ ಒಬ್ಬರು ಮರಣ ಹೊಂದಿದ ಪ್ರಕರಣದಲ್ಲಿ, ಹಳೆಯ ತಂತ್ರಾಂಶವಿದ್ದ ಫೋನಿನಿಂದ 000ಗೆ ಮಾಡಿದ ಕರೆ ಸಂಪರ್ಕ ಪಡೆಯಲಿಲ್ಲವೆಂದು ಸೇವೆ ನೀಡುತ್ತಿದ್ದ ಸಂಸ್ಥೆಯೇ ಪ್ರಕಟಿಸಬೇಕಾಯಿತು. ಅದು ಆ ದೇಶದ ನಿವಾಸಿಗಳ ನಡುವೆಯೇ ನಡೆದುದು. ಬೇರೊಂದು ದೇಶದ ಪೇಟೆಯಲ್ಲಿ ಕೊಂಡ ಫೋನನ್ನು ಒಯ್ಯುವ ಅತಿಥಿಗಳ ಗತಿಯನ್ನು ಊಹಿಸಿಕೊಳ್ಳಬಹುದು.

ಇಷ್ಟನ್ನು ಹೇಳಿದರೆ ಮಕ್ಕಳಿಂದ ಬರುವ ಉತ್ತರ ಬಹುತೇಕ ಒಂದೇ: "ಅಮ್ಮಾ, ನಮ್ಮ ಮನೇಲಿ ವೈಫೈ ಇದೆ, ವಾಟ್ಸಾಪ್ ಇದೆ. ನಿಮಗೆ ಬೇರೆ ನಂಬರ್ ಯಾಕೆ?" ಪ್ರೀತಿಯಿಂದಲೇ ಹೇಳುವ ಮಾತಿದು; ಖರ್ಚನ್ನು ಉಳಿಸುವ ಉದ್ದೇಶವೂ ತಪ್ಪಲ್ಲ. ಆದರೆ ಈ ಮಾತನ್ನು ಒಪ್ಪಲಾಗದು. ವಾಟ್ಸಾಪಿನಿಂದ ಅಮೆರಿಕದ 911ಕ್ಕಾಗಲಿ, ಜಪಾನಿನ 119ಕ್ಕಾಗಲಿ ಕರೆ ಮಾಡಲಾಗುವುದಿಲ್ಲ. ವೈಫೈ ಮನೆಯ ಹೊಸ್ತಿಲ ಒಳಗಿನ ದೇವರು. ಹಿರಿಯರು ಬೀದಿಯ ಕೊನೆಯ ಉದ್ಯಾನದವರೆಗೆ ನಡೆದರೆ ಅದು ಅವರ ಹಿಂದೆ ಬರುವುದಿಲ್ಲ. ವಿದ್ಯುತ್ತು ಹೋದರೆ ಮನೆಯಲ್ಲಿಯೂ ಇರುವುದಿಲ್ಲ. ಸಂಯುಕ್ತ ಅರಬ್ ಸಂಸ್ಥಾನದಲ್ಲಂತೂ ವಾಟ್ಸಾಪಿನ ಧ್ವನಿ ಕರೆಗಳಿಗೆ ಬಹು ವರ್ಷಗಳಿಂದ ನಿರ್ಬಂಧವಿದ್ದು, ಅದನ್ನು ನೆಚ್ಚಿ ಹೋದವರು ಮೊದಲ ದಿನವೇ ನಿರಾಶರಾದುದುಂಟು. ವೈಫೈ ಸಿಕ್ಕುವ ಮನೆಯನ್ನು ಬಿಟ್ಟು ಹೊರಡಲು ಹಿಂಜರಿಯುತ್ತ ಕಿಟಕಿಯ ಬಳಿ ಕುಳಿತೇ ಆರು ತಿಂಗಳು ಕಳೆದು ಬರುವ ಹಿರಿಯರು ಎಷ್ಟೋ ಮಂದಿ. ನಡಿಗೆ ನಿಂತರೆ ಸಕ್ಕರೆಯ ಮಟ್ಟ ಏರುವುದಕ್ಕೂ ಮೊಣಕಾಲು ಬಿಗಿಯುವುದಕ್ಕೂ ಬೇರೆ ಕಾರಣ ಬೇಕಿಲ್ಲ.

ಪ್ರವಾಸಿಗರಿಗೆಂದು ಈಗ ಸುಲಭವಾಗಿ ದೊರೆಯುವ ಇ-ಸಿಮ್ಮುಗಳೂ ಈ ಕೊರತೆಯನ್ನು ತುಂಬುವುದಿಲ್ಲ. ಅವುಗಳಲ್ಲಿ ಬಹುಪಾಲು ಇಂಟರ್‌ನೆಟ್ಟನ್ನು ಮಾತ್ರ ಕೊಡುತ್ತವೆ. ಕರೆ ಮಾಡುವ ಸಂಖ್ಯೆ ಇರುವುದಿಲ್ಲ. ಜಪಾನಿನಲ್ಲಿ ಪ್ರವಾಸಿಗರು ಕೊಳ್ಳುವ ಡೇಟಾ ಸಿಮ್ಮಿನಿಂದ ಪೊಲೀಸರ 110ಕ್ಕಾಗಲಿ ಆಂಬುಲೆನ್ಸಿನ 119ಕ್ಕಾಗಲಿ ಕರೆ ಹೋಗದು. ನಕಾಶೆ ನೋಡುವ ತರುಣರಿಗೆ ಅದು ಸಾಕು. ಹೃದಯದಲ್ಲಿ ಸ್ಟೆಂಟ್ ಇರುವವರಿಗೆ ಸಾಲದು.

ಹಾಗಾದರೆ ಮಾಡಬೇಕಾದುದೇನು? ಒಂದು ತಿಂಗಳಿಗಿಂತ ಹೆಚ್ಚು ಕಾಲ ಪರದೇಶದಲ್ಲಿ ಇರುವ ಹಿರಿಯರಿಗೆ ಆ ದೇಶದ ಧ್ವನಿ ಕರೆಯ ಸಂಖ್ಯೆಯೊಂದು, ಆ ದೇಶದ ಜಾಲ ಒಪ್ಪಿದ ಫೋನಿನಲ್ಲಿ, ಅವರ ಕೈಯಲ್ಲೇ ಇರತಕ್ಕದ್ದು. ಮಗನ ಹಳೆಯ ಫೋನು ಅಲ್ಲಿಯೇ ಕೊಂಡದ್ದಾಗಿದ್ದು, ಅಲ್ಲಿಯ ಜಾಲದಲ್ಲಿ ನಡೆಯುತ್ತಿದ್ದರೆ ಅದೇ ಸಾಕು. ಇಲ್ಲಿಂದ ಒಯ್ದ ಫೋನಿನಲ್ಲಿ ಭಾರತದ ಸಿಮ್ಮು ಹಾಗೆಯೇ ಇರಲಿ. ಎರಡು ಫೋನುಗಳನ್ನು ಹಿಡಿದು ಓಡಾಡುವುದು ವಯಸ್ಸಾದವರಿಗೆ ಗೊಂದಲವೆಂಬ ಆಕ್ಷೇಪವಿದೆ. ಅದರಲ್ಲಿ ಹುರುಳಿಲ್ಲದಿಲ್ಲ. ಹೊಸ ಫೋನಿನ ಪರದೆಯಲ್ಲಿ ಕರೆಯ ಗುರುತು ಎಲ್ಲಿದೆಯೆಂದು ಹುಡುಕುವುದು ಗಾಬರಿಯ ಹೊತ್ತಿನಲ್ಲಿ ಸಾಧ್ಯವಾಗದು. ಆದ್ದರಿಂದ ಅನುಕೂಲವಿದ್ದವರು ಹೊರಡುವ ಎರಡು ತಿಂಗಳ ಮೊದಲೇ, ಆ ದೇಶದ ಪಟ್ಟಿಯಲ್ಲಿರುವ ಮಾದರಿಯೊಂದನ್ನು ಇಲ್ಲಿಯೇ ಕೊಂಡು, ಎರಡು ಸಿಮ್ಮುಗಳನ್ನು ಧರಿಸುವ ಅದನ್ನೇ ದಿನವೂ ಬಳಸಿ ಕೈಗೆ ರೂಢಿ ಮಾಡಿಕೊಳ್ಳುವುದು ಎಲ್ಲಕ್ಕಿಂತ ಒಳಿತು. ಪಟ್ಟಿಯನ್ನು ನೋಡುವ ಹೊಣೆ ಮಾತ್ರ ಹಿರಿಯರದಲ್ಲ. ಟಿಕೆಟ್ಟು ಕಳುಹಿಸುವ ಮಕ್ಕಳದು. ವಿಮಾನದ ಆಸನವನ್ನೂ ಊಟವನ್ನೂ ಆರಿಸಲು ಒಂದು ಸಂಜೆ ಕಳೆಯುವವರಿಗೆ ಇದಕ್ಕೆ ಅರ್ಧ ಗಂಟೆ ಹೆಚ್ಚಾಗಲಾರದು.

ಫೋನಿನ ಜೊತೆಗೆ ಒಂದು ಕಾಗದವೂ ಬೇಕು. ಅಮೆರಿಕ ಮತ್ತು ಕೆನಡಗಳಲ್ಲಿ 911, ಬ್ರಿಟನ್ನಿನಲ್ಲಿ 999, ಯುರೋಪಿನ ದೇಶಗಳಲ್ಲಿ 112, ಆಸ್ಟ್ರೇಲಿಯದಲ್ಲಿ 000, ಸಿಂಗಾಪುರದಲ್ಲಿ ಆಂಬುಲೆನ್ಸಿಗೆ 995, ಜಪಾನಿನಲ್ಲಿ 119, ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಆಂಬುಲೆನ್ಸಿಗೆ 998. ಇವುಗಳಲ್ಲಿ ತಮಗೆ ಬೇಕಾದ ಒಂದೇ ಸಂಖ್ಯೆಯನ್ನು ದಪ್ಪಕ್ಷರಗಳಲ್ಲಿ ಬರೆದು, ಅದರ ಕೆಳಗೆ ಮನೆಯ ಪೂರ್ಣ ವಿಳಾಸವನ್ನು ಇಂಗ್ಲಿಷಿನಲ್ಲಿಯೂ ಕನ್ನಡದ ಉಚ್ಚಾರಣೆಯಲ್ಲಿಯೂ ಬರೆದಿಡಬೇಕು. ತುರ್ತು ಕರೆಯನ್ನು ಸ್ವೀಕರಿಸುವವರು ಮೊದಲು ಕೇಳುವುದು ಎಲ್ಲಿದ್ದೀರಿ ಎಂಬುದನ್ನು. ಮಗನ ಮನೆಯ ಸಂಖ್ಯೆ ಬೀದಿಯ ಹೆಸರುಗಳೇ ತಿಳಿಯದೆ 'ನನ್ನ ಮಗನ ಮನೆ' ಎಂದು ಹೇಳುವ ಹಿರಿಯರಿಗೆ ಯಾವ ಜಾಲವೂ ನೆರವಾಗದು.

ಔಷಧಿಗಳ ಹೆಸರುಗಳಿಗೂ ರೋಮಿಂಗ್ ಇಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಲೇಸು. ಭಾರತದಲ್ಲಿ ಮನೆಮಾತಾದ ಪ್ಯಾರಾಸಿಟಮಾಲ್ ಅಮೆರಿಕದಲ್ಲಿ ಅಸೆಟಾಮಿನೊಫೆನ್ ಎನಿಸುತ್ತದೆ. ಉಬ್ಬಸದವರ ಸಾಲ್ಬುಟಮಾಲ್ ಅಲ್ಲಿ ಆಲ್ಬುಟೆರಾಲ್. ಕಂಪೆನಿಗಳು ಇಟ್ಟ ಹೆಸರನ್ನು ಹೇಳಿದರೆ ಅಲ್ಲಿಯ ವೈದ್ಯರಿಗೆ ಅರ್ಥವಾಗುವ ಸಂಭವ ಕಡಿಮೆ. ಕಾಗದದ ಹಿಂಬದಿಯಲ್ಲಿ ಔಷಧದ ಮೂಲ ಹೆಸರು, ಪ್ರಮಾಣ, ಸೇವಿಸುವ ಹೊತ್ತು, ರಕ್ತದ ಗುಂಪು, ಒಗ್ಗದ ಔಷಧಿಗಳು ಇವಿಷ್ಟನ್ನು ಬದಲಾಪುರದ ವೈದ್ಯರಿಂದಲೇ ಬರೆಯಿಸಿಕೊಂಡು, ಅದರ ಚಿತ್ರವನ್ನು ಫೋನಿನಲ್ಲಿಯೂ ಇಟ್ಟುಕೊಳ್ಳತಕ್ಕದ್ದು. ಬೀಗ ಹಾಕಿದ ಫೋನಿನಲ್ಲಿಯೂ ಇತರರು ಓದಬಹುದಾದ 'ತುರ್ತು ಮಾಹಿತಿ' ಎಂಬ ಪುಟವನ್ನು ಇಂದಿನ ಬಹುತೇಕ ಫೋನುಗಳಲ್ಲಿ ತುಂಬಿಡಬಹುದು. ಪ್ರಜ್ಞೆ ತಪ್ಪಿದವರ ಪರವಾಗಿ ಮಾತನಾಡುವುದು ಆ ಪುಟವೇ.

ಇನ್ನು ಭಾರತದ ಸಂಖ್ಯೆಯ ವಿಚಾರ. ಅಲ್ಲಿಯ ಸಿಮ್ಮು ಸಿಕ್ಕೊಡನೆ ಇಲ್ಲಿಯದನ್ನು ತೆಗೆದು ಪರ್ಸಿನ ಮೂಲೆಗೆ ಸೇರಿಸುವವರಿದ್ದಾರೆ. ಪಿಂಚಣಿ, ಠೇವಣಿ, ಅಂತರ್ಜಾಲದ ಬ್ಯಾಂಕಿಂಗ್, ಆಧಾರ್, ಎಲ್ಲದರ ಬೀಗದಕೈ ಆ ಸಂಖ್ಯೆ. ಕಾರ್ಡನ್ನು ಯಂತ್ರಕ್ಕೆ ಕೊಡದೆ ಅಂತರ್ಜಾಲದ ಮೂಲಕ ಹಣ ತೆರುವಾಗ ಎರಡನೆಯ ದೃಢೀಕರಣ ಇರಲೇಬೇಕೆಂದು ಭಾರತೀಯ ರಿಸರ್ವ್ ಬ್ಯಾಂಕು 2009ರಲ್ಲಿ ಕಡ್ಡಾಯಗೊಳಿಸಿದಂದಿನಿಂದ ಸಂದೇಶದಲ್ಲಿ ಬರುವ ಓಟಿಪಿ ಜನಜೀವನದ ಅಂಗವಾಯಿತು. 2025ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕು ಹೊರಡಿಸಿ 2026ರ ಏಪ್ರಿಲ್ 1ರಿಂದ ಜಾರಿಗೆ ಗೊತ್ತುಪಡಿಸಿದ ನಿರ್ದೇಶನಗಳು ಓಟಿಪಿಯಲ್ಲದ ಬೇರೆ ವಿಧಾನಗಳಿಗೂ ದಾರಿ ತೆರೆದಿವೆಯಾದರೂ ಮೊಬೈಲು ಸಂಖ್ಯೆಯ ಮಹತ್ವ ಅದರಿಂದ ಕುಂದುವುದಿಲ್ಲ.

ಈ ಲೆಕ್ಕವನ್ನು ಗಮನಿಸಬೇಕು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2013ರಲ್ಲಿ ಮಾಡಿದ ನಿಯಮದಂತೆ ಮುಂಗಡ ಹಣ ಕಟ್ಟುವ ಸಂಖ್ಯೆಯನ್ನು 90 ದಿನಗಳ ಕಾಲ ಬಳಸದೆ ಬಿಟ್ಟರೆ ಸಂಸ್ಥೆಯು ಅದನ್ನು ಸ್ಥಗಿತಗೊಳಿಸಬಹುದು; ಖಾತೆಯಲ್ಲಿ 20 ರೂಪಾಯಿ ಉಳಿಕೆಯಿದ್ದರೆ ಅದನ್ನು ಮುರಿದುಕೊಂಡು ಅವಧಿಯನ್ನು ಮುಂದುವರಿಸುವ ಏರ್ಪಾಡಿದೆ. ಸ್ಥಗಿತಗೊಂಡ ಸಂಖ್ಯೆಯನ್ನು ಕನಿಷ್ಠ 90 ದಿನಗಳವರೆಗೆ ಬೇರೆಯವರಿಗೆ ಕೊಡಲಾಗುವುದಿಲ್ಲವೆಂದು 2023ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಪ್ರಾಧಿಕಾರವು ನಿವೇದಿಸಿತು. 90 ಮತ್ತು 90 ಸೇರಿದರೆ 180. ಅಮೆರಿಕದಲ್ಲಿ ಪ್ರವಾಸಿ ವೀಸಾದವರಿಗೆ ಸಾಮಾನ್ಯವಾಗಿ ದೊರೆಯುವ ವಾಸದ ಅವಧಿ ಆರು ತಿಂಗಳು. ಸಿಮ್ಮನ್ನು ಪರ್ಸಿನಲ್ಲಿಟ್ಟು ಪೂರ್ಣಾವಧಿ ಮುಗಿಸಿ ಬಂದವರ ಸಂಖ್ಯೆ ಅಷ್ಟರಲ್ಲಿ ಯಾರೋ ಅಪರಿಚಿತರ ಪಾಲಾಗುವ ಹಂತಕ್ಕೆ ಬಂದಿರಬಹುದು. ರದ್ದಾದ ಸಂಖ್ಯೆಗಳ ಪಟ್ಟಿಯನ್ನು ನೋಡಿ ತಮ್ಮ ದಾಖಲೆಗಳನ್ನು ಸರಿಪಡಿಸಿಕೊಳ್ಳಬೇಕೆಂದು ರಿಸರ್ವ್ ಬ್ಯಾಂಕು 2025ರ ಜನವರಿಯಲ್ಲಿ ಬ್ಯಾಂಕುಗಳಿಗೆ ತಿಳಿಸಿದೆ. ಇದು ಗ್ರಾಹಕರ ರಕ್ಷಣೆಗಾಗಿ ಮಾಡಿದ ಒಳ್ಳೆಯ ಕ್ರಮವೇ. ಆದರೆ ಸಂಖ್ಯೆ ಕಳೆದುಕೊಂಡವರು ಊರಿಗೆ ಮರಳಿ ಶಾಖೆಯ ಮುಂದೆ ನಿಂತು ಎಲ್ಲವನ್ನೂ ಹೊಸದಾಗಿ ಬರೆಯಿಸಬೇಕಾಗುತ್ತದೆ. ಆರು ತಿಂಗಳಿಗೆ ಸಾಲುವ ರೀಚಾರ್ಜನ್ನು ಹೊರಡುವ ಮುನ್ನವೇ ಮಾಡಿಸಿ, ಸಿಮ್ಮನ್ನು ಫೋನಿನೊಳಗೇ ಇಟ್ಟು, ಅಂತರರಾಷ್ಟ್ರೀಯ ರೋಮಿಂಗನ್ನು ತೆರೆಯಿಸಿ, 'ಡೇಟಾ ರೋಮಿಂಗ್' ಎಂಬುದನ್ನು ಮಾತ್ರ ಮುಚ್ಚಿಟ್ಟರೆ, ಒಳಬರುವ ಸಂದೇಶಗಳಿಗೆ ಸಾಮಾನ್ಯವಾಗಿ ಶುಲ್ಕ ಬೀಳುವುದಿಲ್ಲ. ತಿಂಗಳಿಗೊಮ್ಮೆ ಆ ಸಂಖ್ಯೆಯಿಂದ ಒಂದು ಸಂದೇಶ ಕಳುಹಿಸಿದರೆ ಬಳಕೆಯೂ ದಾಖಲಾಗುತ್ತದೆ. ಬ್ಯಾಂಕಿನ ಆ್ಯಪನ್ನು ಹೊಸ ಫೋನಿಗೆ ಹಾಕಬೇಕಾಗಿದ್ದರೆ ಅದನ್ನೂ ಇಲ್ಲಿಯೇ ಮುಗಿಸಬೇಕು; ನೋಂದಣಿಗೆ ಇಲ್ಲಿಯ ಸಿಮ್ಮಿನಿಂದ ಸಂದೇಶ ಹೋಗಬೇಕಾಗುತ್ತದೆ.

ಇದಕ್ಕೆ ಕೆಲವರು ಕಂಡುಕೊಂಡಿರುವ ಉಪಾಯವೆಂದರೆ ಸಿಮ್ಮನ್ನು ಊರಿನಲ್ಲಿಯೇ ತಮ್ಮನಿಗೋ ಪಕ್ಕದ ಮನೆಯವರಿಗೋ ಒಪ್ಪಿಸಿ, ಓಟಿಪಿ ಬಂದಾಗ ಅವರಿಂದ ಫೋನಿನಲ್ಲಿ ಓದಿಸಿಕೊಳ್ಳುವುದು. ಒಪ್ಪಿಸಿಕೊಂಡವರು ಎಷ್ಟೇ ಪ್ರಾಮಾಣಿಕರಾಗಿದ್ದರೂ ಈ ಪದ್ಧತಿ ಸಲ್ಲದು. ಓಟಿಪಿಯನ್ನು ಇನ್ನೊಬ್ಬರೊಡನೆ ಹಂಚಿಕೊಂಡ ವ್ಯವಹಾರದಲ್ಲಿ ಹಣ ಹೋದರೆ ಗ್ರಾಹಕರ ಪಕ್ಷ ದುರ್ಬಲವಾಗುತ್ತದೆ. ಅದಕ್ಕಿಂತ ಮಿಗಿಲಾಗಿ, ತಲೆಮಾರುಗಳ ಸ್ನೇಹವಿರುವ ನೆರೆಯವರನ್ನು ಅನುಮಾನದ ನೆರಳಿಗೆ ತಂದಂತಾಗುತ್ತದೆ.

ಎರಡು ಸಣ್ಣ ವಿಷಯಗಳು ಉಳಿದಿವೆ. 1800 ಎಂದು ಆರಂಭವಾಗುವ ಭಾರತದ ಉಚಿತ ಸಂಖ್ಯೆಗಳು ಸಾಮಾನ್ಯವಾಗಿ ಪರದೇಶದಿಂದ ಸಿಗುವುದಿಲ್ಲ. ಕಾರ್ಡು ಕಳೆದುಹೋದಾಗ ಅದನ್ನು ತಡೆಹಿಡಿಸಲು, ಪ್ರವಾಸ ವಿಮೆಯವರಿಗೆ ಆಸ್ಪತ್ರೆಯ ದಾಖಲಾತಿಯನ್ನು ತಿಳಿಸಲು ಹೊರದೇಶದಿಂದ ಕರೆ ಮಾಡಬಹುದಾದ, 91 ಎಂಬ ದೇಶಸಂಖ್ಯೆಯಿರುವ ಸಂಖ್ಯೆಗಳನ್ನು ಕೇಳಿ ಬರೆದುಕೊಳ್ಳಬೇಕು. 2020ರಿಂದೀಚೆಗೆ ಹೊಸ ಕಾರ್ಡುಗಳು ದೇಶದೊಳಗಿನ ಬಳಕೆಗೆ ಮಾತ್ರ ತೆರೆದಿರುತ್ತವೆ. ಹೊರದೇಶದ ಬಳಕೆಯನ್ನು ಗ್ರಾಹಕರೇ ತೆರೆಯಿಸಬೇಕು. ಆಸ್ಪತ್ರೆಯ ಕಿಟಕಿಯ ಮುಂದೆ ನಿಂತು ಇದನ್ನು ತಿಳಿಯುವುದು ಬೇಡ.

ಡೊಂಬಿವಲಿ, ಕಲ್ಯಾಣ, ಬದಲಾಪುರಗಳ ಕನ್ನಡ ಸಂಸ್ಥೆಗಳು ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆಯ ಶಿಬಿರವನ್ನು ನಡೆಸುವಾಗ ರಕ್ತದೊತ್ತಡ ನೋಡುವ ಮೇಜಿನ ಪಕ್ಕದಲ್ಲಿ ಇನ್ನೊಂದು ಮೇಜನ್ನು ಹಾಕಿಸಬಹುದು. ಫೋನು ಬಲ್ಲ ಇಬ್ಬರು ತರುಣರು ಅಲ್ಲಿ ಕುಳಿತು, ಪರದೇಶಕ್ಕೆ ಹೊರಟವರ ಫೋನಿನ ಮಾದರಿಯ ಸಂಖ್ಯೆಯನ್ನು ಆ ದೇಶದ ಪಟ್ಟಿಯೊಡನೆ ಹೋಲಿಸಿ, ತಂತ್ರಾಂಶವನ್ನು ನವೀಕರಿಸಿ, ತುರ್ತು ಮಾಹಿತಿಯ ಪುಟವನ್ನು ತುಂಬಿಕೊಟ್ಟರೆ ಒಬ್ಬೊಬ್ಬರಿಗೆ ಇಪ್ಪತ್ತು ನಿಮಿಷ ಹಿಡಿದೀತು. ಏಪ್ರಿಲ್ ಮೇ ತಿಂಗಳುಗಳಲ್ಲಿ ಹೊರಡುವವರೇ ಹೆಚ್ಚಾದುದರಿಂದ ಫೆಬ್ರವರಿಯ ಭಾನುವಾರವೊಂದು ಇದಕ್ಕೆ ಅನುಕೂಲ. ಫೋನು ಬದಲಾಯಿಸಬೇಕೆಂದು ಗೊತ್ತಾದರೂ ಹೊಸದನ್ನು ಕೊಂಡು ಕೈಗೆ ರೂಢಿಸಿಕೊಳ್ಳಲು ಎರಡು ತಿಂಗಳು ಉಳಿದಿರುತ್ತದೆ.